ಹೊಗೆರಾಯನ ಕರಿ ಹೊದಿಕೆ

ಆಗ ನನಗೆ ಐವತ್ತೊಂದು. ಅದಾಗಿ ಹದಿನೈದು ವರ್ಷ ಆಯಿತು. ಶಿವಮೊಗ್ಗದ ತುಂಬಿದ ಸಭೆಯಲ್ಲಿ ಸೆಲ್ವಿ ಎದ್ದು ನಿಂತು ನಿಜ ಹೇಳಿದಳು. ನಾನು ಅದನ್ನು ಸುಳ್ಳು ಅಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಯಾರೂ ಹೆದರಿಸಿ ಹೇಳಿಸಿದ್ದೂ ಅಲ್ಲ. ನಿಜ ಅಂತ ಗೊತ್ತಿದ್ದೇ ಸುಳ್ಳು ಅಂದೆ.

ನೀವು ಸಿನಿಮಾ ಹುಚ್ಚಿನ ಹುಡುಗ ಹುಡುಗಿಯರು ನನ್ನ ಬಾಗಿಲಿಗೆ ಬರುವುದು ಇದನ್ನು ಕೇಳಲಿಕ್ಕಲ್ಲ, ಅದು ನನಗೆ ಗೊತ್ತು. ಟೀವಿಯವರು ‘ಹೊಗೆರಾಯ’ ಸಿನಿಮಾವನ್ನು ಮತ್ತೆ ಮತ್ತೆ ಹಾಕಲು ಶುರು ಮಾಡಿದ ಮೇಲೆ ನಿಮ್ಮ ಕಾಟ ಜಾಸ್ತಿಯಾಗಿದೆ. ಕಂಪ್ಯೂಟರಿನಲ್ಲಿ ಅದಕ್ಕೇ ಅಂತ ಒಂದು ಪುಟ ಮಾಡಿಕೊಂಡಿದ್ದೀರಂತೆ. ಶಿವಮೊಗ್ಗದ ವಿನೋಬನಗರದ ಈ ಒಂದು ಕೋಣೆಯಲ್ಲಿ ಸೀರೆಗೆ ಫಾಲ್ ಹೊಲಿದುಕೊಂಡು ಕೂತವಳನ್ನು ಹುಡುಕಿಕೊಂಡು ಬಂದು — ಅಜ್ಜಿ ಅದು ಹೇಗೆ, ಅಜ್ಜಿ ಇದು ಯಾಕೆ. ಸೂಜಿಗೆ ದಾರ ಪೋಣಿಸಲೂ ಬಿಡುವುದಿಲ್ಲ.

ಸಿನಿಮಾ ನೋಡದವರಿಗೆ ಒಂದು ಮಾತು. ಮಕ್ಕಳ ಪತ್ರಿಕೆಯೊಂದರಲ್ಲಿ ವಾರ ವಾರ ಬರುತ್ತಿದ್ದ ಚಿತ್ರಕಥೆ ಅದು. ಹೊಗೆರಾಯ ಅದರ ಕೇಡಿ. ಮೋರೆಗೆ ತಗಡಿನ ಮುಖವಾಡ, ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಬಿಟ್ಟ ಕರಿ ಹೊದಿಕೆ. ಊರಿನ ಚಿಮಣಿಗಳಲ್ಲಿ ಅಡಗಿದ್ದು ಕೇಡು ಮಾಡುವವನು. ಸಿನಿಮಾದಲ್ಲಿ ಅವನನ್ನು ಹಿಡಿಯುವ ಹೀರೋನೇ ಇಲ್ಲ, ಕೇಡಿಯೇ ಎಲ್ಲ. ಅದರ ಬಟ್ಟೆ ಹೊಲಿದವಳು ನಾನು. ಭದ್ರಾವತಿಯ ಹಳೇನಗರದ ವಠಾರದಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದ ಗಂಗಮ್ಮ.

ನೀವು ಕೇಳಿದ್ದಕ್ಕೆಲ್ಲ ಇಲ್ಲೇ ಹೇಳಿ ಮುಗಿಸುತ್ತೇನೆ, ಮತ್ತೆ ಬರಬೇಡಿ. ಮುಖವಾಡ ಎಣ್ಣೆ ಡಬ್ಬದ ತಗಡಿನದು. ಕೆನ್ನೆ ಕೊಯ್ಯದಿರಲಿ ಅಂತ ಒಳಗೆ ನನ್ನ ಹಳೇ ರವಿಕೆಯ ತುಂಡು ಕೊಟ್ಟಿದ್ದೆ. ಹೊಗೆ ಭತ್ತದ ಹಸಿ ಹೊಟ್ಟಿನದು. ಹೊಗೆರಾಯನ ಕಣ್ಣು ಕೆಂಪಗಿರುವುದು ಕೋಪಕ್ಕಲ್ಲ, ಆ ಹೊಗೆಗೆ. ಎಲ್ಲರ ಕಣ್ಣೂ ಹಾಗೇ ಇತ್ತು, ಅನ್ನ ಬಡಿಸುವವನದೂ. ನಗು ಹೊಗೆರಾಯನ ಪಾರ್ಟು ಮಾಡಿದ ನಟನದಲ್ಲ, ಬೆಂಗಳೂರಿನಲ್ಲಿ ಬೇರೆ ಯಾರೋ ಬಂದು ನಕ್ಕು ಹೋದರಂತೆ. ಹೊಗೆರಾಯ ಒಳಗೊಳಗೆ ಒಳ್ಳೆಯವನಾ ಅಂತ ಒಬ್ಬ ಕೇಳಿದ. ನಾನು ಅವನ ಬಟ್ಟೆ ಹೊಲಿದವಳು ಮಾರಾಯ, ಜಾತಕ ಬರೆದವಳಲ್ಲ.

ಎರಡು ಪ್ರಶ್ನೆಗೆ ಮಾತ್ರ ನಾನು ಯಾವತ್ತೂ ಉತ್ತರ ಕೊಟ್ಟಿಲ್ಲ. ಹೊಗೆರಾಯ ಚಿಮಣಿ ಹತ್ತುವ ಮೊದಲು ಹೊದಿಕೆಯನ್ನು ಬಳಸಿ ತಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾನಲ್ಲ, ಅದು ಯಾಕೆ? ಆ ಹೊದಿಕೆ ಈಗ ಎಲ್ಲಿದೆ?

ಮೊದಲನೆಯದಕ್ಕೆ ಎಷ್ಟು ಪುರಾಣ ಕಟ್ಟಿದ್ದೀರಿ. ಕತ್ತಿಯ ವರಸೆ ಅಂತೀರಿ. ಮನಸ್ಸಿನ ಗಂಟು ಅಂತೀರಿ. ಡೈರೆಕ್ಟರು ಹಳೇ ವೀರಗಲ್ಲಿನಲ್ಲಿ ಕೆತ್ತಿದ ವೀರರ ನಿಲುವು ಅಂದರು, ಪತ್ರಿಕೆಯವರು ಅದನ್ನೇ ಅಚ್ಚು ಹಾಕಿದರು. ಸಿನಿಮಾ ನೋಡಿದ ಒಬ್ಬಳಾದರೂ ಹೆಂಗಸು ನಿಮ್ಮ ಪಕ್ಕದಲ್ಲಿ ಕೂತಿರಲಿಲ್ಲವೇ? ಅದು ಸೆರಗು ಸಿಕ್ಕಿಸುವುದು, ಅಷ್ಟೇ. ಕೆಲಸಕ್ಕೆ ಇಳಿಯುವ ಯಾವ ಹೆಂಗಸಾದರೂ ಮಾಡುವುದು. ನಿಮ್ಮ ಅಮ್ಮ ದಿನಾ ಮಾಡುವುದು.

ಶೂಟಿಂಗು ನಡೆದದ್ದು ಹೊಳೆಹೊನ್ನೂರು ರಸ್ತೆಯ ಒಂದು ಮುಚ್ಚಿದ ಅಕ್ಕಿ ಗಿರಣಿಯಲ್ಲಿ. ಗಿರಣಿ ನಡೆಯುತ್ತಿದ್ದಾಗ ಸೆಲ್ವಿ ಅಲ್ಲಿ ಕೂಲಿಗಿದ್ದಳು. ನಮ್ಮ ವಠಾರದಲ್ಲಿ ನನ್ನ ಗೋಡೆಗೆ ಅವಳ ಗೋಡೆ. ತಮಿಳಿನವರು, ಅವಳ ಮಾವನ ಕಾಲಕ್ಕೇ ಭದ್ರಾವತಿಗೆ ಕೆಲಸಕ್ಕೆ ಬಂದವರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಉದ್ದಕ್ಕೆ ಬಿದಿರಿನ ಹಾಗೆ. ಗಿರಣಿಯಲ್ಲಿ ಭತ್ತ ಬೇಯಿಸುವ ತೊಟ್ಟಿ ಎತ್ತರದಲ್ಲಿತ್ತು. ಹೆಂಗಸರು ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಕಬ್ಬಿಣದ ಏಣಿ ಹತ್ತಿ ಭತ್ತ ಸುರಿಯಬೇಕು. ಹತ್ತುವ ಮೊದಲು ಸೆರಗು ಸಿಕ್ಕಿಸದಿದ್ದರೆ ಕಾಲಿಗೆ ತೊಡರಿ ಕೆಳಗೆ. ಹಾಗೆ ಬಿದ್ದವರೂ ಇದ್ದರು. ಅದಕ್ಕೇ ಏಣಿಗೆ ಕಾಲಿಡುವ ಮೊದಲು ಅವರ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಶೂಟಿಂಗಿನವರು ಬಂದಾಗ ಸೆಲ್ವಿಯನ್ನು ಅಂಗಳ ಗುಡಿಸಲಿಕ್ಕೆ, ನೀರು ತರಲಿಕ್ಕೆ ಇಟ್ಟುಕೊಂಡರು. ಆ ಕೆಲಸ ಹೇಳಿ ಕೊಡಿಸಿದವಳೂ ನಾನೇ.

ಗಿರಣಿಯ ಚಿಮಣಿ ಹತ್ತಲು ಬೆಂಗಳೂರಿನಿಂದ ಒಬ್ಬ ಡೂಪಿನವನನ್ನು ತಂದಿದ್ದರು. ಅವನು ಬಂದ ದಿನವೇ ಅಂಗಳದ ಪಾಚಿಯಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಕೂತ. ಆ ನಟನೋ, ಚಿಮಣಿಯ ಏಣಿಯಲ್ಲಿ ಅರ್ಧಕ್ಕೆ ಹೋಗಿ ಕಣ್ಣು ಮುಚ್ಚಿಕೊಂಡವನನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಬಿಸಿಲು ಇಳಿಯುತ್ತಿದೆ, ಹೊಟ್ಟಿಗೆ ಬೆಂಕಿ ಹಾಕಿಯಾಗಿದೆ, ಡೈರೆಕ್ಟರು ಕೂಗಾಡುತ್ತಿದ್ದಾರೆ. ಮ್ಯಾನೇಜರು ಸುತ್ತ ನೋಡಿ ನನ್ನ ಮೇಲೆ ಕಣ್ಣಿಟ್ಟ. “ಏನಮ್ಮಾ, ನೀನೂ ಎತ್ತರ ಇದ್ದೀಯಲ್ಲ. ಮುಖವಾಡ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?”

ಹೌದು, ಮೊದಲು ಕೇಳಿದ್ದು ನನ್ನನ್ನು. ಇದನ್ನು ನಾನು ಯಾರಿಗೂ ಹೇಳಿಲ್ಲ. ಏಣಿ ನೋಡಿದೆ. ಹೆದರಿಕೆ ಅಂತ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಹಾಗನ್ನಲಿಲ್ಲ. “ನಾವು ಮರ್ಯಾದಸ್ಥ ಮನೆಯೋರು, ಪ್ಯಾಂಟು ಹಾಕೋ ಪೈಕಿ ಅಲ್ಲ” ಅಂದೆ.

ಸೆಲ್ವಿ ಪೊರಕೆ ಗೋಡೆಗೆ ಒರಗಿಸಿದಳು. “ಮರ್ಯಾದೆ ಕೆಳಗೇ ಇರ್ಲಿ ಬಿಡಕ್ಕಾ, ನಾನು ಹತ್ತಿ ಬರ್ತೀನಿ” ಅಂದಳು. ಎಲ್ಲರೂ ನಕ್ಕರು. ನಗು ನನ್ನ ಮೇಲೆ. ಅವಳೇನು ಚುಚ್ಚಲಿಕ್ಕೆ ಹೇಳಿದ್ದಲ್ಲ, ಅವಳ ಮಾತೇ ಹಾಗೆ. ನನಗೆ ಮಾತ್ರ ಅದು —

ಗಿರಣಿಯ ಹಿಂದಿನ ಕೋಣೆಯಲ್ಲಿ ಅವಳಿಗೆ ಪ್ಯಾಂಟು ಹಾಕಿಸಿದ್ದು ನಾನೇ. ಮುಖವಾಡ ಕಟ್ಟಿದ್ದು, ಹೊದಿಕೆಯ ಹುಕ್ಕು ಹಾಕಿದ್ದು ಈ ಕೈಯೇ. ಅವಳು ಮುಖವಾಡದ ಒಳಗಿಂದ ನಗುತ್ತಲೇ ಇದ್ದಳು. “ಅಕ್ಕಾ, ನನ್ ಗಂಡ ನೋಡಿದ್ರೆ ಸಲಾಂ ಹೊಡೀತಾನೆ.” ಆಮೇಲೆ ಅಂಗಳ ದಾಟಿ ಏಣಿಯ ಬುಡಕ್ಕೆ ಹೋದಳು. ಅಲ್ಲಿ ಕೈ ಸೆರಗು ಹುಡುಕಿತು. ಸೆರಗೆಲ್ಲಿದೆ? ಸಿಕ್ಕಿದ್ದು ಕರಿ ಹೊದಿಕೆ. ಅದನ್ನೇ ಬಳಸಿ ತಂದು ಸೊಂಟಕ್ಕೆ ಸಿಕ್ಕಿಸಿ ಸರಸರ ಹತ್ತಿಬಿಟ್ಟಳು. ತುದಿಗೆ ಹೋಗಿ ನಿಂತಾಗ ಗಾಳಿಗೆ ಹೊದಿಕೆ ಸೊಂಟದಿಂದ ಕಿತ್ತುಕೊಂಡು ಹಾರಿತು. ನೀವು ಗೋಡೆಗೆ ಅಂಟಿಸಿಕೊಳ್ಳುವ ಪಟ ಅದೇ. ಅದರೊಳಗೆ ಇರುವುದು ಸೆಲ್ವಿ.

ಹಾರುವಾಗ ಹೊದಿಕೆಯ ತುದಿ ಏಣಿಯ ಮೊಳೆಗೆ ಸಿಕ್ಕಿ ಹರಿದಿತ್ತು. ಇನ್ನೊಂದು ಸಲ ಬೇಕು ಅಂದರು ಡೈರೆಕ್ಟರು. ನಾನು ಸೂಜಿ ಡಬ್ಬಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಗಿರಣಿಯ ಗೋಡೆಗೆ ಚುಚ್ಚಿಟ್ಟಿದ್ದ ಹಳೇ ದಬ್ಬಳ ಕಿತ್ತು, ಗೋಣಿಚೀಲದ ಬಿಳಿ ದಾರದಲ್ಲಿ ಹೊಲಿದೇ ಬಿಟ್ಟಿದ್ದಳು. ಚೀಲದ ಬಾಯಿ ಹೊಲಿಯುವ ಹೊಲಿಗೆ, ಅಡ್ಡಾದಿಡ್ಡಿ, ಗಟ್ಟಿ. ಸ್ಯಾಟಿನ್ ಬಟ್ಟೆಗೆ. ನಾನು ವಾರಗಟ್ಟಲೆ ಕೂತು ಅಂಚು ಮಡಿಸಿದ ಬಟ್ಟೆಗೆ. “ಏನೇ ಇದು?” ಅಂದೆ. “ಬಿಚ್ಚಲ್ಲ ಬಿಡಕ್ಕಾ, ಕ್ವಿಂಟಾಲ್ ತಡ್ಕೊಳೋ ಹೊಲಿಗೆ” ಅಂದಳು.

ಆಮೇಲಿನದು ಇನ್ನೂ ತಮಾಷೆ. ಚಿಮಣಿಯ ಮೇಲೆ ಸೆರಗು ಸಿಕ್ಕಿಸಿದ ಹೊಗೆರಾಯ ಬೇರೆ ಕಡೆ ಸಿಕ್ಕಿಸದಿದ್ದರೆ ಹೇಗೆ? ಉಳಿದ ಎಲ್ಲ ಸೀನಿನಲ್ಲೂ ಆ ನಟ ಅದನ್ನೇ ಮಾಡಬೇಕಾಯಿತು. ಅವನ ಕೈಗೆ ಬಾರದು. ಸೆಲ್ವಿ ಎದುರು ನಿಂತು ಕಲಿಸಿದಳು. “ಹಿಂಗಲ್ಲ ಸಾರ್, ಹೊಟ್ಟೆ ಒಳಗೆ ಎಳ್ಕೊಳಿ.”

ಶೂಟಿಂಗು ಮುಗಿಯಿತು. ಕಂಪನಿಯವರು ಆಮೇಲೆ ಹೊಲಿಸಿಕೊಂಡ ಹೊಸ ಹೊದಿಕೆಗಳನ್ನು ಕಟ್ಟಿಕೊಂಡು ಹೋದರು, ಆ ಹರಿದದ್ದನ್ನು ನನ್ನ ಹತ್ತಿರವೇ ಬಿಟ್ಟರು. ಟ್ರಂಕಿನಲ್ಲಿಟ್ಟೆ. ಅಷ್ಟು ಹೊತ್ತಿಗೆ ವಠಾರದಲ್ಲಿ ಸೆಲ್ವಿಯದೇ ಮಾತು. ನಲ್ಲಿ ಹತ್ತಿರ, ಸೊಸೈಟಿ ಹತ್ತಿರ — “ಅಕ್ಕ ಹೊಲಿದ್ಲು, ನಾನು ಹಾರಿದೆ.” ನನ್ನನ್ನು ಸೇರಿಸಿಯೇ ಹೇಳುತ್ತಿದ್ದಳು. ಆದರೆ ಕೇಳಿದವರು ಹಾರಿದವಳನ್ನು ನೋಡುತ್ತಿದ್ದರು, ಹೊಲಿದವಳನ್ನು ಯಾರು ನೋಡುತ್ತಾರೆ.

ಸಿನಿಮಾ ಓಡಿತು. ಶಿವಮೊಗ್ಗದಲ್ಲಿ ಒಂದು ಸಂಜೆ ಸಭೆ ಮಾಡಿ, ಡೈರೆಕ್ಟರನ್ನೂ ಆ ನಟನನ್ನೂ ಕರೆಸಿ, ನೋಡಿದವರೆಲ್ಲ ಪ್ರಶ್ನೆ ಕೇಳಬಹುದು ಅಂದರು. ಕೆಲಸ ಮಾಡಿದ ಊರಿನವರಿಗೂ ಕರೆ ಬಂತು. ನಾನೂ ಸೆಲ್ವಿಯೂ ಭದ್ರಾವತಿಯಿಂದ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಅವಳು ಕೇಳಿದಳು, “ಅಕ್ಕಾ, ಚಿಮಣಿ ಹತ್ತಿದ ಮಾತು ಬಂದ್ರೆ ಹೇಳ್ಲಾ, ಬೇಡ್ವಾ?” ಬೇಡ ಅಂದಿದ್ದರೆ ಸುಮ್ಮನಿರುತ್ತಿದ್ದಳು. ಅವಳು ನನ್ನ ಮಾತು ಮೀರಿದ್ದೇ ಇಲ್ಲ. “ನಿನ್ನಿಷ್ಟ” ಅಂದೆ. ಯಾಕೆ ಹಾಗಂದೆ ಅಂತ ಈಗ ಯೋಚಿಸಿದರೆ — ಬೇಡ, ಆ ಯೋಚನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಗೊತ್ತು.

ಕನ್ನಡಕದ ಒಬ್ಬರು ಎದ್ದು ಅದನ್ನೇ ಕೇಳಿದರು. ಹೊದಿಕೆ ಸಿಕ್ಕಿಸುವುದು ಯಾಕೆ? ಡೈರೆಕ್ಟರು ಕಲ್ಲಿನ ವೀರರ ಕಥೆ ಹೇಳಿದರು. ನಟ ಮೈಕು ಇಸಕೊಂಡು, “ಡೂಪು ಇಲ್ಲದೆ ನಾನೇ ಹತ್ತಿದೆ. ಏಣಿಗೆ ಕಾಲಿಟ್ಟಾಗ ಅದು ತಾನಾಗೇ ಕೈಗೆ ಬಂತು” ಅಂದ. ಚಪ್ಪಾಳೆ. ನನ್ನ ಪಕ್ಕದಿಂದ ಸೆಲ್ವಿ ಎದ್ದಳು.

“ಸಾರ್, ಅದು ಸೆರಗು ಸಿಕ್ಸೋದು ಸಾರ್. ಹತ್ತಿದ್ದು ನಾನು.”

ಸಭೆ ಘೊಳ್ಳೆಂದಿತು. ಹಿಂದಿನಿಂದ ಯಾರೋ “ಹೊಗೆರಾಣಿ ಬಂದ್ಲಪ್ಪೋ” ಅಂದರು. ನಟ ನಗುತ್ತ, “ಹಾಗಾದ್ರೆ ನನ್ನ ಮೀಸೆ ಯಾರದ್ದಮ್ಮ?” ಅಂದ. ಸೆಲ್ವಿ ಕೂರಲಿಲ್ಲ. “ಮೀಸೆ ನಿಮ್ದೇ ಸಾರ್, ಇಟ್ಕೊಳಿ. ಹೊದಿಕೆ ತುದೀಲಿ ನಾನು ಹಾಕಿದ ಗೋಣಿ ಹೊಲಿಗೆ ಇದೆ. ಅದು ಗಂಗಕ್ಕನ ಟ್ರಂಕಲ್ಲೇ ಇದೆ. ಕೇಳಿ ಬೇಕಾದ್ರೆ” ಅಂದಳು. ನನ್ನ ಹೆಗಲ ಮೇಲೆ ಕೈಯಿಟ್ಟಳು.

ಇಡೀ ಸಭೆ ನನ್ನ ಕಡೆ ತಿರುಗಿತು. ಅಷ್ಟು ಜನ ನನ್ನನ್ನು ನೋಡಿದ್ದು ಅದೇ ಮೊದಲು. ಡೈರೆಕ್ಟರಿಗೆ ಎಲ್ಲ ಗೊತ್ತು. ಮೇಜು ನೋಡುತ್ತಾ, “ಹೌದೇನಮ್ಮಾ?” ಅಂದರು.

ನಾನು ಎದ್ದು ನಿಂತು ಹೇಳಿದೆ. “ಇಲ್ಲ ಸಾರ್. ಇವಳು ಅಂಗಳ ಗುಡಿಸೋಕೆ ಬರ್ತಿದ್ಲು. ಏಣಿ ಹತ್ತಿದ್ದು ನಾನು ಕಂಡಿಲ್ಲ. ಹೊದಿಕೆ ನಿಮ್ಮೋರೇ ತಗೊಂಡು ಹೋದ್ರಲ್ಲ.”

ಮುಂದಿನ ಸಿನಿಮಾಕ್ಕೂ ನನ್ನನ್ನೇ ಕರೆಯುತ್ತಾರೆ ಅಂತ ಆಸೆಗೆ ಹೇಳಿದೆಯಾ ಅಂತ ನೀವು ಕೇಳಬಹುದು. ಅಂಥ ಆಸೆ ಇದ್ದಿದ್ದರೆ ಅದಾದರೂ ಒಂದು ಕಾರಣ ಆಗುತ್ತಿತ್ತು. ಅದಲ್ಲ. ಅವಳ ಕೈ ನನ್ನ ಹೆಗಲ ಮೇಲಿತ್ತು. ಹತ್ತಲು ಆಗದವಳು ನಾನು, ಹತ್ತಿದವಳು ಅವಳು. ಒಂದು ಮಾತಿನಲ್ಲಿ ಅವಳನ್ನು ಏಣಿಯಿಂದ ಇಳಿಸಬಹುದಿತ್ತು — ಇಳಿಸಿದೆ. ಆ ಗಳಿಗೆ ನನಗೆ ಹಿತವಾಗಿಯೂ ಇತ್ತು. ಅದನ್ನೂ ಬರೆಯುತ್ತೇನೆ, ಬರೆಯದಿದ್ದರೆ ಇದೆಲ್ಲ ಬರೆದು ಏನು ಉಪಯೋಗ.

ಕೈ ತೆಗೆದಳು. ಕೂತಳು. ಬಸ್ಸಿನಲ್ಲಿ ಒಂದೇ ಸಲ “ಯಾಕಕ್ಕಾ?” ಅಂದಳು. ನಾನು ಕಿಟಕಿ ಕಡೆ ಮುಖ ಮಾಡಿದೆ.

ಅಂದಿನಿಂದ ಅವಳು ‘ರೀಲು ಸೆಲ್ವಿ’. ವಠಾರಕ್ಕೆಲ್ಲ ಅದೇ ಹೆಸರು. ಸೊಸೈಟಿಗೆ ಸೀಮೆಎಣ್ಣೆ ಬಂತು ಅಂತ ಓಡಿ ಬಂದು ಹೇಳಿದರೂ ಒಬ್ಬರೂ ಕದಲುತ್ತಿರಲಿಲ್ಲ. ಅವಳು ಕ್ಯಾನು ತುಂಬಿಸಿಕೊಂಡು ಬಂದ ಮೇಲೆ ಓಡುತ್ತಿದ್ದರು, ಅಷ್ಟರಲ್ಲಿ ಖಾಲಿ. ಆಗಲೂ ಬೈಗುಳ ಅವಳಿಗೇ, ಸರಿಯಾಗಿ ಹೇಳಬಾರದಾ ಅಂತ. ಅವಳ ಗಂಡ ಕುಡಿದಾಗ ಎಲ್ಲರ ಎದುರು “ಏನಮ್ಮಾ ಹೊಗೆರಾಯ, ಸಾರು ಆಯ್ತಾ?” ಅನ್ನುತ್ತಿದ್ದ. ನಲ್ಲಿ ಹತ್ತಿರ ಅವಳ ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಅವಳು ಬಾಯಿ ತೆರೆದರೆ ವಠಾರ ನಗುತ್ತಿದ್ದ ಕಾಲ ಒಂದಿತ್ತು. ಆ ಬಾಯಿಗೆ ಹೊಲಿಗೆ ಹಾಕಿದವಳು ನಾನು, ಅಷ್ಟೂ ದಿನ ಗೋಡೆಯ ಈ ಕಡೆ ಮೆಷಿನ್ನು ತುಳಿದುಕೊಂಡು ಕೂತಿದ್ದೆ.

ಇನ್ನೂ ಹಾಗೇ ಕೂತಿರುತ್ತಿದ್ದೆನೇನೋ. ಹೋದ ತಿಂಗಳು ನಿಮ್ಮಲ್ಲಿ ಒಬ್ಬಳು, ಆ ಜೀನ್ಸಿನ ಹುಡುಗಿ, ನಗುತ್ತಾ ಹೇಳಿದಳು. ನಿಮ್ಮ ಪುಟದಲ್ಲಿ ‘ಹೊಗೆರಾಯನ ಬಗ್ಗೆ ಹಬ್ಬಿದ ಸುಳ್ಳುಗಳು’ ಅಂತ ಒಂದು ಭಾಗ ಇದೆಯಂತೆ. ಅದರಲ್ಲಿ ಮೊದಲನೆಯದು — ಚಿಮಣಿ ಹತ್ತಿದ್ದು ಭದ್ರಾವತಿಯ ಒಬ್ಬ ಕೂಲಿ ಹೆಂಗಸು ಎಂಬುದು. ಸುಳ್ಳು ಅನ್ನಲು ಆಧಾರ ಏನು? ಬಟ್ಟೆ ಹೊಲಿದ ಗಂಗಮ್ಮನವರೇ ಸಭೆಯಲ್ಲಿ ಹೇಳಿದ್ದಾರೆ. ಗಂಗಮ್ಮನವರು. ನನಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟು ಬರೆದಿರಲಿಲ್ಲ.

ಮಾರನೇ ವಾರ ಇಲ್ಲೇ ಶಿವಮೊಗ್ಗದ ಆಲ್ಕೊಳಕ್ಕೆ ಹೋದೆ. ಸೆಲ್ವಿ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. “ಬಾ ಅಕ್ಕಾ” ಅಂದು ಮಣೆ ಸರಿಸಿದಳು. ನಾನು ಪೀಠಿಕೆ ಹಾಕಲಿಲ್ಲ. ಅವತ್ತು ಗೊತ್ತಿದ್ದೇ ಸುಳ್ಳು ಹೇಳಿದೆ, ಹೊಟ್ಟೆಕಿಚ್ಚಿಗೆ ಹೇಳಿದೆ ಅಂದೆ.

“ಅದು ನಂಗೆ ಗೊತ್ತಿರೋದೇ ಅಲ್ವಾ ಅಕ್ಕಾ” ಅಂದಳು. ಅಕ್ಕಿಯಿಂದ ಕಣ್ಣು ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಕೇಳಿದಳು, “ಆ ಹೊದಿಕೆ ಇದೆಯಾ ಅಕ್ಕಾ? ಮೊಮ್ಮಗಳಿಗೆ ತೋರಿಸ್ಬೇಕು. ಟೀವಿಲಿ ಬಂದಾಗೆಲ್ಲ ನಾನೇ ಅದು ಅಂತೀನಿ, ಸುಮ್ನಿರಜ್ಜಿ ಅಂತಾಳೆ. ಆ ಹೊಲಿಗೆ ತೋರಿಸಿದ್ರೆ ನಂಬ್ತಾಳೆ.”

ಅವಳಿಗೆ ನನ್ನ ತಪ್ಪೊಪ್ಪಿಗೆ ಬೇಕಿರಲಿಲ್ಲ. ಹೊದಿಕೆ ಬೇಕಿತ್ತು. ಹುಡುಕಿ ನೋಡ್ತೀನಿ ಅಂದು ಎದ್ದು ಬಂದೆ. ಈ ವಯಸ್ಸಿಗೆ ಇನ್ನೊಂದು ಸುಳ್ಳು, ಅದೂ ಅವಳ ಮಣೆಯ ಮೇಲೆ ಕೂತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾಕ್ಷರತೆ ಕ್ಲಾಸಿನಲ್ಲಿ ಕಲಿತ ಅಕ್ಷರ. ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ. ನಿಮ್ಮ ಪುಟದಲ್ಲಿ ‘ಸುಳ್ಳುಗಳು’ ಅಂತ ಇರುವಲ್ಲಿ ಅವಳ ಮಾತು ತೆಗೆದು ನನ್ನದನ್ನು ಹಾಕಿ. ಸೆಲ್ವಿಗೆ ಕನ್ನಡ ಓದಲು ಬಾರದು. ನೀವು ಅಚ್ಚು ಹಾಕಿದ್ದನ್ನು ನಾನೇ ಆಲ್ಕೊಳಕ್ಕೆ ಒಯ್ದು, ಆ ಮೊಮ್ಮಗಳನ್ನೂ ಕೂರಿಸಿಕೊಂಡು, ಓದಿ ಹೇಳುತ್ತೇನೆ. ಹೊದಿಕೆ ಎಲ್ಲಿ ಅಂತ ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ. ನಿಮಗೂ ಅದೇ ಉತ್ತರ.

ಸಭೆಯ ಮರುದಿನ ಬೆಳಿಗ್ಗೆ ಬೇಗ ಎದ್ದೆ. ಸೆಲ್ವಿ ಬಂದು ಟ್ರಂಕು ತೆಗೆ ಅಂದರೆ ಏನು ಗತಿ ಅನ್ನುವುದೊಂದೇ ತಲೆಯಲ್ಲಿತ್ತು. ಹೊದಿಕೆ ತೆಗೆದೆ. ಒಳ್ಳೇ ಬಟ್ಟೆ ಸುಡಲು ಮನಸ್ಸು ಬರಲಿಲ್ಲ. ಕತ್ತರಿಸಿ ನಾನು ಹೊಲಿಯುವ ಚೀಲಗಳಿಗೆ ಒಳಪದರ ಮಾಡಲು ಎತ್ತಿಟ್ಟೆ. ಉಳಿದದ್ದು ಅವಳ ಹೊಲಿಗೆಯ ತುದಿ. ಬಿಚ್ಚಲು ನೋಡಿದೆ, ದಾರ ಬರಲಿಲ್ಲ. ಬ್ಲೇಡು ತಂದೆ, ಆಗಲೂ ಬರಲಿಲ್ಲ. ಕೊನೆಗೆ ಹಾಗೇ ಮುದ್ದೆ ಮಾಡಿ ಬಚ್ಚಲ ಒಲೆಗೆ ಹಾಕಿದೆ. ಅದು ಉರಿಯುತ್ತಿರುವಾಗಲೇ ಬಾಗಿಲು ತಟ್ಟಿದ ಸದ್ದು.

ಸೆಲ್ವಿ. ಕಂಕುಳಲ್ಲಿ ಕೊಡ. ದಿನಾ ಬರುವ ಹಾಗೇ ಬಂದಿದ್ದಳು.

“ಅಕ್ಕಾ, ನೀರು ಬಂತು” ಅಂದಳು. ಮೂಗು ಅರಳಿಸಿದಳು. “ಏನು, ಬಟ್ಟೆ ಸುಟ್ಟ ವಾಸನೆ?”

“ಮಸಿಬಟ್ಟೆ ಒಲೆಗೆ ಬಿತ್ತು” ಅಂದೆ.

“ನೋಡ್ಕೊಂಡು ಅಕ್ಕಾ, ಕೈ ಸುಟ್ಕೊಂಡೀಯ” ಅಂದಳು.

ನನ್ನ ಕೊಡ ತೆಗೆದುಕೊಂಡು ಅವಳ ಹಿಂದೆ ನಲ್ಲಿಗೆ ಹೋದೆ.